ಹೆಲ್ಮೆಟ್ ತೆಗೆಯದೆ ಕೂತಿರುವ ಗಂಡ

ಗುರುತು ಸಿಗದಂತೆ ಒಂದಿಷ್ಟು ವಿವರ ಬದಲಿಸಿದ್ದೇನೆ. ಆಕೆ ಹೈಸ್ಕೂಲ್ ಟೀಚರ್, ಗಂಡ ಬ್ಯಾಂಕ್ ಮ್ಯಾನೇಜರ್. ಮಾರ್ಚ್ ಮೊದಲ ವಾರ ಆಕೆ ಒಬ್ಬರೇ ನನ್ನ ಹತ್ತಿರ ಕೌನ್ಸೆಲಿಂಗ್‌ಗೆ ಬಂದಿದ್ದರು.

"ಮನೆ ಮುಂದೆ ಗಾಡಿ ನಿಲ್ಲಿಸಿ, ಹೆಲ್ಮೆಟ್ಟೂ ತೆಗೀದೆ ಇಪ್ಪತ್ತು ನಿಮಿಷ ಅದರ ಮೇಲೇ ಕೂತಿರ್ತಾರೆ ಮೇಡಂ. ನಾನು ಕಿಟಕಿಯಿಂದ ನೋಡ್ತಾ ಇರ್ತೀನಿ."

ಡಬ್ಬಿ ಅರ್ಧಕ್ಕರ್ಧ ವಾಪಸ್ ಬರುತ್ತದೆ. ರಾತ್ರಿ ಮೂರಕ್ಕೇ ಎಚ್ಚರ. 90 ದಿನ ದಾಟಿ ಕಂತು ಬಾಕಿ ಉಳಿದರೆ ಸಾಲ ಎನ್‌ಪಿಎ (ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲ) ಆಗುತ್ತದಲ್ವಾ, ಅದಕ್ಕೇ ಮಾರ್ಚ್ 31ರೊಳಗೆ ಸಂಜೆ ಸಂಜೆ ಸಾಲಗಾರರ ಮನೆ ಬಾಗಿಲು ತಟ್ಟುವುದು ಇವರ ಪಾಲಿಗೆ ಬಂದಿತ್ತು, ಜೊತೆಗೆ ಮೇಲಿನವರ ಫೋನ್ ಬೇರೆ.

ಆಕೆ ಸುಮ್ನೆ ಕೂತಿರಲಿಲ್ಲ. ಯೋಗ ಕ್ಲಾಸಿಗೆ ದುಡ್ಡು ಕಟ್ಟಿದ್ದರು, ಅಣ್ಣನಿಂದ ಬುದ್ಧಿ ಹೇಳಿಸಿದ್ದರು, ದಿನಕ್ಕೆ ಮೂರು ಸಲ ಫೋನ್ ಮಾಡಿ "ಟೆನ್ಶನ್ ತಗೋಬೇಡಿ" ಅನ್ನುತ್ತಿದ್ದರು.

"ಅದಕ್ಕೆ ಅವರೇನಂತಾರೆ?"

"ಹ್ಞೂಂ ಅಂತಾರೆ."

ಆ ಹ್ಞೂಂ ಕೂಡ ಅವರಿಗೊಂದು ಕೆಲಸವೇ ಆಗಿತ್ತು ಅಂತ ನನಗನ್ನಿಸಿತು. ನಿಮ್ಮ ಆತಂಕಕ್ಕೂ ಅವರೇ ಸಮಾಧಾನ ಹೇಳಬೇಕಾಗಿದೆ ಅಂದೆ. ಆಕೆಗೆ ಬೇಜಾರಾಯಿತು, ಮುಚ್ಚಿಡಲಿಲ್ಲ.

ನಾನು ಹೇಳಿದ್ದು ಇಷ್ಟು. ಹಗಲು ಫೋನ್ ಬೇಡ. ಗಾಡಿ ಮೇಲಿನ ಇಪ್ಪತ್ತು ನಿಮಿಷ ಅವರದೇ, ಕರೆಯಬೇಡಿ. ಒಳಗೆ ಬಂದ ಮೇಲೆ ಕಾಫಿ ಕೊಟ್ಟು ಪಕ್ಕದಲ್ಲಿ ಕೂತುಕೊಳ್ಳಿ. ಮಾತಾಡಿದರೆ, "ಬರೀ ಕೇಳಲಾ, ಏನಾದರೂ ಮಾಡಲಾ?" ಅಂತ ಕೇಳಿ. ಏಪ್ರಿಲ್‌ವರೆಗೆ ಅತ್ತೆಯ ಆಸ್ಪತ್ರೆ, ಮಗನ ಫೀಸು, ಗ್ಯಾಸ್ ಬುಕಿಂಗ್ ಎಲ್ಲಾ ಅವರನ್ನು ಕೇಳದೆ ನೀವೇ ನೋಡಿಕೊಳ್ಳಿ. ಆಮೇಲೆ ಮತ್ತೆ ಹಂಚಿಕೊಳ್ಳಿ, ಇಲ್ಲದಿದ್ದರೆ ಮುಂದಿನ ಸಲ ಇಲ್ಲಿಗೆ ನಿಮ್ಮನ್ನು ಯಾರೋ ಕರೆದುಕೊಂಡು ಬರಬೇಕಾಗುತ್ತದೆ!

ಒಂದು ವಿಷಯದಲ್ಲಿ ಮಾತ್ರ ಕಾಯಬೇಡಿ ಅಂದೆ. ಎರಡು ವಾರ ದಾಟಿದರೂ ನಿದ್ದೆ, ಊಟ ಸರಿಹೋಗದಿದ್ದರೆ ಡಾಕ್ಟರ್ ಹತ್ತಿರ ಹೋಗಲೇಬೇಕು. "ನಾನಿಲ್ಲದಿದ್ರೇ ಚೆನ್ನಾಗಿತ್ತು" ಅನ್ನುವ ಥರದ ಮಾತು ಬಂದರೆ, "ಸಾಯಬೇಕು ಅನ್ನಿಸ್ತಿದೆಯಾ?" ಅಂತ ನೇರವಾಗಿ ಕೇಳಿ. ಕೇಳಿದಿರಿ ಅಂತ ಆ ಯೋಚನೆ ಹೊಸದಾಗಿ ತಲೆಗೆ ಬರುವುದಿಲ್ಲ. ಹೌದು ಅಂದರೆ ಒಬ್ಬರನ್ನೇ ಬಿಡಬೇಡಿ, ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. 14416ಕ್ಕೆ ಕರೆ ಮಾಡಬಹುದು, ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ದಿನವಿಡೀ ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ.

ಹತ್ತು ದಿನ ಬಿಟ್ಟು ಬಂದರು. ನಾಲ್ಕು ದಿನ ಕಾಫಿ ಕುಡಿದು ಎದ್ದುಹೋದರಂತೆ. ಐದನೇ ದಿನ ಲೋಟ ಕೆಳಗಿಟ್ಟು, "ಇವತ್ತು ಒಬ್ಬ ಸಾಲಗಾರ ನನ್ನ ಕಾಲು ಹಿಡ್ಕೊಂಡ ಕಣೇ" ಅಂದರಂತೆ.

"ನೀವೇನಂದ್ರಿ?"

"ಏನೂ ಅನ್ನಲಿಲ್ಲ ಮೇಡಂ. ಇನ್ನರ್ಧ ಲೋಟ ಕಾಫಿ ಹಾಕಿದೆ."