ಗಿಟಾರ್ ಆ್ಯಂಪ್: ಮನೆಗೆಷ್ಟು ವ್ಯಾಟ್, ವೇದಿಕೆಗೆಷ್ಟು?

ಪ್ರಶ್ನೆ: ನಮ್ಮ ಮಗಳು ಎಲೆಕ್ಟ್ರಿಕ್ ಗಿಟಾರ್ ಕಲಿಯುತ್ತಿದ್ದಾಳೆ. ನಮ್ಮದು ಅಪಾರ್ಟ್‌ಮೆಂಟಿನ ಮೂರನೇ ಮಹಡಿಯ ಮನೆ. ಅಂಗಡಿಯವರು 40 ವ್ಯಾಟ್‌ನ ಟ್ಯೂಬ್ ಆ್ಯಂಪ್ ಕೊಂಡರೆ ಮುಂದೆ ಕಾರ್ಯಕ್ರಮಗಳಿಗೂ ಆಗುತ್ತದೆ ಎನ್ನುತ್ತಾರೆ. ಅವಳ ಗುರುಗಳು 10 ವ್ಯಾಟ್ ಧಾರಾಳ ಎನ್ನುತ್ತಾರೆ. ಯಾರ ಮಾತು ಕೇಳಬೇಕು?
— ಓದುಗರು, ಬೆಂಗಳೂರು

ಉತ್ತರ: ಗುರುಗಳ ಮಾತನ್ನು ಕೇಳಿ. ವ್ಯಾಟ್ ಎಂಬುದು ಆ್ಯಂಪ್ ತನ್ನ ಸ್ಪೀಕರಿಗೆ ಕೊಡಬಲ್ಲ ವಿದ್ಯುತ್ ಶಕ್ತಿಯ ಲೆಕ್ಕವೇ ಹೊರತು ನಮ್ಮ ಕಿವಿಗೆ ಬೀಳುವ ಸದ್ದಿನ ಲೆಕ್ಕವಲ್ಲ. ಶಕ್ತಿ ಎರಡು ಪಟ್ಟಾದರೆ ಸದ್ದು ಏರುವುದು 3 ಡೆಸಿಬೆಲ್ ಮಾತ್ರ; ಎರಡು ಪಟ್ಟು ಗಟ್ಟಿಯಾಗಿ ಕೇಳಿಸಬೇಕಾದರೆ ಹೆಚ್ಚುಕಡಿಮೆ ಹತ್ತು ಪಟ್ಟು ಶಕ್ತಿ ಬೇಕಾಗುತ್ತದೆ. ಈ ಲೆಕ್ಕದಲ್ಲಿ 40 ವ್ಯಾಟ್‌ನ ಆ್ಯಂಪ್ 10 ವ್ಯಾಟ್‌ನದಕ್ಕಿಂತ ಸುಮಾರು ಒಂದೂವರೆ ಪಟ್ಟು ಗಟ್ಟಿ, ಅಷ್ಟೇ. ಗಿಟಾರಿಗೆಂದೇ ಮಾಡಿದ 12 ಇಂಚಿನ ಸ್ಪೀಕರುಗಳಲ್ಲಿ ಹಲವು ಒಂದೇ ಒಂದು ವ್ಯಾಟ್ ಕೊಟ್ಟರೂ ಒಂದು ಮೀಟರ್ ದೂರದಲ್ಲಿ 97ರಿಂದ 100 ಡೆಸಿಬೆಲ್ ಸದ್ದು ಮಾಡುತ್ತವೆ. ನಮ್ಮ ದೇಶದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿಯನ್ನು ಇಟ್ಟಿರುವುದನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ, ಮನೆಯಲ್ಲಿ ಒಂದು ವ್ಯಾಟ್ ಕೂಡ ಪೂರ್ತಿ ಬಳಕೆಯಾಗುವುದಿಲ್ಲ ಎಂಬುದು ತಿಳಿಯುತ್ತದೆ.

ಗಾಜಿನ ನಿರ್ವಾತ ಕೊಳವೆಗಳಿಂದ ಸದ್ದು ಹೆಚ್ಚಿಸುವ ಟ್ಯೂಬ್ ಆ್ಯಂಪಿನ ವಿಷಯದಲ್ಲಿ ಇನ್ನೊಂದು ತೊಡಕಿದೆ. ಜನ ಮೆಚ್ಚುವ ಅದರ ನಾದದ ದೊಡ್ಡ ಪಾಲು ಹುಟ್ಟುವುದು ಔಟ್‌ಪುಟ್ ಟ್ಯೂಬುಗಳು ತಮ್ಮ ಶಕ್ತಿಯ ಅಂಚಿಗೆ ಬಂದಾಗ. 40 ವ್ಯಾಟ್‌ನದನ್ನು ಆ ಅಂಚಿಗೆ ತಂದರೆ ಕೆಳಗಿನ ಮನೆಯವರು ಮೆಟ್ಟಿಲು ಹತ್ತಿ ಬರುತ್ತಾರೆ. ತಾರದಿದ್ದರೆ ನೀವು ಹಣ ಕೊಟ್ಟದ್ದು ಏತಕ್ಕೋ ಅದು ಕೇಳಿಸುವುದೇ ಇಲ್ಲ. ಆದ್ದರಿಂದ ಕಲಿಯುವವರಿಗೆ, ಬೇರೆ ಬೇರೆ ಆ್ಯಂಪುಗಳ ನಾದವನ್ನು ಚಿಪ್ಪಿನಿಂದ ಅನುಕರಿಸುವ ಡಿಜಿಟಲ್ ಮಾಡೆಲಿಂಗ್ ಆ್ಯಂಪುಗಳೇ ಸೂಕ್ತವೆಂಬುದು ನನ್ನ ಖಚಿತ ಅಭಿಪ್ರಾಯ. ಟ್ಯೂಬಿನ ಭಕ್ತರು ಕೋಪಿಸಿಕೊಂಡರೂ ಸರಿಯೇ. ಯಮಾಹಾ ಕಂಪನಿಯ ಟಿ.ಎಚ್.ಆರ್. ಸರಣಿಯನ್ನು ಮೇಜಿನ ಮೇಲಿಟ್ಟು ಸಣ್ಣ ದನಿಯಲ್ಲಿ ನುಡಿಸುವುದಕ್ಕೆಂದೇ ರೂಪಿಸಲಾಗಿದೆ. ಬಾಸ್ ಕಂಪನಿಯ ಕಟಾನಾ 50ರಲ್ಲಿ ಅರ್ಧ, 25 ಮತ್ತು 50 ವ್ಯಾಟ್‌ಗಳ ನಡುವೆ ಬದಲಾಯಿಸಿಕೊಳ್ಳುವ ಸ್ವಿಚ್ ಇದೆಯಾದ್ದರಿಂದ, ಮುಂದೆ ಕಾರ್ಯಕ್ರಮಕ್ಕೂ ಬರಬೇಕೆಂಬ ನಿಮ್ಮ ಅಂಗಡಿಯವರ ಆಸೆಯೂ ಅದರಲ್ಲಿ ಈಡೇರುತ್ತದೆ.

ಯಾವುದನ್ನೇ ಕೊಂಡರೂ ಹೆಡ್‌ಫೋನ್ ಸಾಕೆಟ್ ಇದೆಯೇ ಎಂದು ನೋಡುವುದರ ಜೊತೆಗೆ ಅದರಲ್ಲಿ ಹೇಗೆ ಕೇಳಿಸುತ್ತದೆ ಎಂಬುದನ್ನು ಅಂಗಡಿಯಲ್ಲೇ ಪರೀಕ್ಷಿಸಿ. ಗಿಟಾರ್ ಸ್ಪೀಕರ್ ಸುಮಾರು 5,000 ಹರ್ಟ್ಸ್‌ನಿಂದಾಚೆಗಿನ ಸ್ವರಾಂಶಗಳನ್ನು ಬಹುಮಟ್ಟಿಗೆ ತಡೆದುಬಿಡುವುದರಿಂದಲೇ ಡಿಸ್ಟಾರ್ಷನ್, ಅಂದರೆ ಬೇಕೆಂದೇ ಒಡೆಸಿದ ನಾದ, ನಮಗೆ ಹಿತವಾಗಿ ಕೇಳಿಸುವುದು. ಆ ಸೋಸುವಿಕೆಯನ್ನು ಹೆಡ್‌ಫೋನಿಗೂ ಅನುಕರಿಸಿ ಕೊಡದ ಅಗ್ಗದ ಆ್ಯಂಪುಗಳು ಜೀರುಂಡೆಯಂತೆ ಕಿರುಗುಟ್ಟುತ್ತವೆ, ಕಲಿಯುವ ಮಕ್ಕಳು ತಪ್ಪು ತಮ್ಮ ಬೆರಳಿನದೆಂದು ಭಾವಿಸುತ್ತಾರೆ. ಬ್ಲೂಟೂತ್ ಹೆಡ್‌ಫೋನ್ ಬೇಡ; ತಂತಿ ಮೀಟಿದ್ದಕ್ಕೂ ಸದ್ದು ಕಿವಿಗೆ ತಲುಪುವುದಕ್ಕೂ ನಡುವೆ ಅಂತರ ಬಿದ್ದು ತಾಳ ಕೆಡುತ್ತದೆ.

ಪ್ರಶ್ನೆ: ನಾವು ನಾಲ್ವರು ಗೆಳೆಯರು ಕೆಫೆಗಳಲ್ಲಿ ನುಡಿಸುತ್ತೇವೆ, ಡ್ರಮ್ಸ್ ಕೂಡ ಇದೆ. ನನ್ನದು 15 ವ್ಯಾಟ್‌ನ ಟ್ಯೂಬ್ ಆ್ಯಂಪ್. ಗಿಟಾರ್ ಕೇಳಿಸುತ್ತಿಲ್ಲ, 100 ವ್ಯಾಟ್‌ನದು ತೆಗೆದುಕೋ ಎಂದು ಉಳಿದವರು ಒತ್ತಾಯಿಸುತ್ತಿದ್ದಾರೆ.
— ಓದುಗರು, ಮೈಸೂರು

ಉತ್ತರ: ಹಣ ಖರ್ಚು ಮಾಡುವ ಮುನ್ನ ಆ್ಯಂಪನ್ನು ನೆಲದಿಂದ ಎತ್ತಿ ಒಂದು ಕುರ್ಚಿಯ ಮೇಲೆ, ತುಸು ಹಿಂದಕ್ಕೆ ಓರೆಯಾಗಿ ಇಟ್ಟು ನೋಡಿ. ಸ್ಪೀಕರಿನಿಂದ ಹೊರಡುವ ಮೇಲಿನ ಸ್ವರಾಂಶಗಳು ನೇರವಾಗಿ ಮುಂದಕ್ಕೆ ಹೋಗುವುದರಿಂದ, ನೆಲದ ಮೇಲಿರುವ ಆ್ಯಂಪ್ ನುಡಿಸುವವನ ಮೊಣಕಾಲಿಗೂ ಮುಂದಿನ ಮೇಜಿನ ಗಿರಾಕಿಗೂ ಕೇಳಿಸುತ್ತದೆಯೇ ವಿನಾ ನಿಮ್ಮ ಕಿವಿಗೆ ಕೇಳಿಸುವುದಿಲ್ಲ. ಎರಡನೆಯದಾಗಿ, ನಡುಸ್ವರಗಳನ್ನು ಏರಿಳಿಸುವ ಮಿಡ್ ಎಂಬ ನಾಬನ್ನು ಎಲ್ಲಿಟ್ಟಿದ್ದೀರಿ? ಮನೆಯಲ್ಲಿ ಒಬ್ಬರೇ ನುಡಿಸುವಾಗ ಮಿಡ್ ತಗ್ಗಿಸಿ ಬಾಸ್ (ಕೆಳಸ್ವರ) ಮತ್ತು ಟ್ರೆಬಲ್ (ಮೇಲುಸ್ವರ) ಏರಿಸಿದ ನಾದ ಭವ್ಯವಾಗಿ ಕೇಳಿಸುತ್ತದೆ. ತಂಡದೊಳಗೆ ಆ ಬಾಸನ್ನು ಬೇಸ್ ಗಿಟಾರ್ ನುಂಗುತ್ತದೆ, ಟ್ರೆಬಲನ್ನು ಸಿಂಬಲ್‌ಗಳು ನುಂಗುತ್ತವೆ, ಗಿಟಾರಿಗೆ ಉಳಿದಿದ್ದ ಒಂದೇ ಜಾಗವನ್ನು ನೀವೇ ಖಾಲಿ ಮಾಡಿರುತ್ತೀರಿ.

100 ವ್ಯಾಟ್‌ನ ಆಸೆಗೆ ಒಂದು ಚರಿತ್ರೆಯಿದೆ. 1950ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ವಾಕ್ಸ್ ಕಂಪನಿ ಮೊದಲು 15 ವ್ಯಾಟ್‌ನ ಆ್ಯಂಪ್ ಮಾಡಿತ್ತು. ಅಭಿಮಾನಿಗಳ ಕಿರುಚಾಟದ ನಡುವೆ ಅದು ಸಾಲದೆಂದು ಷ್ಯಾಡೋಸ್ ಎಂಬ ಸಂಗೀತ ತಂಡದವರು ಕೇಳಿದ ಮೇಲೆ 30 ವ್ಯಾಟ್‌ನ ಎ.ಸಿ. 30 ಬಂತು. ಮುಂದೆ ಲಂಡನ್ನಿನ ಹ್ಯಾನ್‌ವೆಲ್‌ನಲ್ಲಿ ಅಂಗಡಿಯಿಟ್ಟಿದ್ದ ಡ್ರಮ್ಮರ್ ಜಿಮ್ ಮಾರ್ಷಲ್, ‘ದಿ ಹೂ’ ಎಂಬ ರಾಕ್ ತಂಡದವರ ಒತ್ತಾಯಕ್ಕೆ 1960ರ ದಶಕದ ನಡುವಿನಲ್ಲಿ 100 ವ್ಯಾಟ್‌ಗೆ ಏರಿದರು. ಆ ಕಾಲದ ಸಭಾಂಗಣಗಳ ಧ್ವನಿವರ್ಧಕ ವ್ಯವಸ್ಥೆ ಹಾಡುಗಾರರ ದನಿಗೇ ಸಾಲುತ್ತಿರಲಿಲ್ಲವಾದ್ದರಿಂದ ಇಡೀ ಸಭೆಗೆ ಗಿಟಾರ್ ಕೇಳಿಸುವ ಹೊಣೆ ಆ್ಯಂಪಿನ ಮೇಲೆಯೇ ಇತ್ತು. ಇಂದು ಆ ಹೊಣೆ ಸೌಂಡ್ ಸಿಸ್ಟಮ್‌ನದು. 1965ರಿಂದಲೂ ಮಾರುಕಟ್ಟೆಯಲ್ಲಿರುವ ಶ್ಯೂರ್ ಎಸ್.ಎಂ. 57ರಂತಹ ಮೈಕನ್ನು ಸ್ಪೀಕರಿನ ಬಟ್ಟೆಗೆ ಹತ್ತಿರವಾಗಿ, ಕೋನಿನ ನಡುವಿಗೂ ಅಂಚಿಗೂ ಮಧ್ಯದಲ್ಲಿ ಇಟ್ಟರೆ 5 ವ್ಯಾಟ್‌ನ ಆ್ಯಂಪ್ ಕೂಡ ದೊಡ್ಡ ಸಭಾಂಗಣವನ್ನು ತಲುಪುತ್ತದೆ.

ನಿಮ್ಮ ಶೈಲಿ ಬ್ಲೂಸ್ ಅಥವಾ ರಾಕ್ ಆಗಿದ್ದರೆ 15 ವ್ಯಾಟ್ ಟ್ಯೂಬ್ ಡ್ರಮ್ಸ್ ಜೊತೆಗೂ ನಿಲ್ಲುತ್ತದೆ. ಒಡಕಿಲ್ಲದ ಶುಭ್ರ ನಾದವೇ ಬೇಕೆನ್ನುವವರಿಗೆ ಮಾತ್ರ ಹೆಚ್ಚಿನ ವ್ಯಾಟ್ ನಿಜವಾಗಿಯೂ ಬೇಕು. 1975ರಲ್ಲಿ ಬಂದ ರೋಲ್ಯಾಂಡ್ ಜೆ.ಸಿ. 120 ಎಂಬ ಟ್ರಾನ್ಸಿಸ್ಟರ್ ಆ್ಯಂಪ್, ತಲಾ 60 ವ್ಯಾಟ್‌ನ ಎರಡು ಭಾಗಗಳೊಂದಿಗೆ, ಅಂಥವರ ನಡುವೆ ಇಂದಿಗೂ ಉಳಿದುಕೊಂಡಿರುವುದು ಈ ಕಾರಣಕ್ಕೆ. ಇಷ್ಟೆಲ್ಲ ಮಾಡಿದ ಮೇಲೂ ಸಾಲದೆನಿಸಿದರೆ ಸ್ಪೀಕರನ್ನು ಬದಲಾಯಿಸಿ. 97 ಡೆಸಿಬೆಲ್‌ನ ಸ್ಪೀಕರ್ ತೆಗೆದು, ಅಷ್ಟೇ ಓಮ್‌ಗಳ (ವಿದ್ಯುತ್ ತಡೆಯ ಅಳತೆ) 100 ಡೆಸಿಬೆಲ್‌ನದನ್ನು ಹಾಕಿದರೆ 15 ವ್ಯಾಟ್‌ನ ಆ್ಯಂಪನ್ನು 30 ವ್ಯಾಟ್ ಮಾಡಿದಂತೆಯೇ ಲೆಕ್ಕ, ಖರ್ಚು ಹೊಸ ಆ್ಯಂಪಿಗಿಂತ ಎಷ್ಟೋ ಕಡಿಮೆ.

ಪ್ರಶ್ನೆ: ಅಮೆರಿಕದಲ್ಲಿರುವ ಭಾವ ತಾವು ಬಳಸುತ್ತಿದ್ದ ಟ್ಯೂಬ್ ಆ್ಯಂಪನ್ನು ತಂದುಕೊಟ್ಟಿದ್ದಾರೆ. ಹಿಂಬದಿಯಲ್ಲಿ 120 ವೋಲ್ಟ್, 60 ಹರ್ಟ್ಸ್ ಎಂದಿದೆ. ಪಿನ್ ಬದಲಾಯಿಸಿದರೆ ಸಾಕೆ?
— ಓದುಗರು, ಹುಬ್ಬಳ್ಳಿ

ಉತ್ತರ: ಖಂಡಿತ ಸಾಲದು. ನಮ್ಮ 230 ವೋಲ್ಟ್‌ಗೆ ನೇರವಾಗಿ ಚುಚ್ಚಿದರೆ ಅದೃಷ್ಟವಿದ್ದಲ್ಲಿ ಫ್ಯೂಸ್ ಮಾತ್ರ ಹೋಗುತ್ತದೆ, ಇಲ್ಲವಾದರೆ ಟ್ರಾನ್ಸ್‌ಫಾರ್ಮರ್ ಸುಡುತ್ತದೆ. ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಬೇಕು. ಆ್ಯಂಪಿನ ಹಿಂಬದಿಯಲ್ಲಿ ಬರೆದಿರುವ ವಿದ್ಯುತ್ ಬಳಕೆಯ ಒಂದೂವರೆ ಎರಡು ಪಟ್ಟು ಸಾಮರ್ಥ್ಯದ್ದನ್ನೇ ಆರಿಸಿ, ಮತ್ತು ಅದರಲ್ಲಿ ಮೂರನೇ ಪಿನ್, ಅಂದರೆ ಅರ್ತಿಂಗ್, ಒಳಗಿನಿಂದ ಹೊರಗಿನವರೆಗೆ ಮುಂದುವರಿದಿದೆಯೇ ಎಂದು ಎಲೆಕ್ಟ್ರಿಷಿಯನ್‌ನಿಂದ ಪರೀಕ್ಷಿಸಿ. ಎರಡು ಪಿನ್‌ನ ಅಗ್ಗದ ಕನ್ವರ್ಟರುಗಳಲ್ಲಿ ಅದು ಇರುವುದಿಲ್ಲ. ಗಿಟಾರಿನ ತಂತಿಗಳು ಆ್ಯಂಪಿನ ಅರ್ತಿಗೆ ಜೋಡಣೆಯಾಗಿರುವುದರಿಂದ ಇದು ಪ್ರಾಣದ ಪ್ರಶ್ನೆ.

60 ಹರ್ಟ್ಸ್‌ಗೆ ಮಾತ್ರ ರೂಪಿಸಿದ ಟ್ರಾನ್ಸ್‌ಫಾರ್ಮರ್ ನಮ್ಮ 50 ಹರ್ಟ್ಸ್‌ನಲ್ಲಿ ಹೆಚ್ಚು ಬಿಸಿಯಾಗುತ್ತದೆ. 50/60 ಎಂದು ಬರೆದಿದ್ದರೆ ಚಿಂತೆಯಿಲ್ಲ; ನಿಮ್ಮದರಲ್ಲಿ ಹಾಗಿಲ್ಲವಾದ್ದರಿಂದ ಮೊದಲ ಕೆಲವು ದಿನ ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಓಡಿಸದೆ, ಬಿಸಿಯನ್ನು ಗಮನಿಸಿ. ಕೆಲವು ಮಾದರಿಗಳಲ್ಲಿ ಒಳಗಿನ ಜೋಡಣೆಯನ್ನೇ 230 ವೋಲ್ಟ್‌ಗೆ ಬದಲಾಯಿಸಬಹುದು. ಅನುಭವಿ ರಿಪೇರಿಯವರು ಆ ಕೆಲಸ ಮಾಡಿದರೆ ಮೇನ್ಸ್ ಫ್ಯೂಸನ್ನೂ ಮೊದಲಿದ್ದುದರ ಅರ್ಧದಷ್ಟು ಆಂಪಿಯರಿಗೆ ಇಳಿಸಲು ನೆನಪಿಸಿ.

ಪ್ರಶ್ನೆ: ಮಳೆಗಾಲ ಬಂತೆಂದರೆ ನನ್ನ ಟ್ಯೂಬ್ ಆ್ಯಂಪಿನ ನಾಬ್ ತಿರುಗಿಸಿದಾಗಲೆಲ್ಲ ಗರಗರ ಸದ್ದು. ಇತ್ತೀಚೆಗೆ ಗುಂಯ್‌ಗುಡುವಿಕೆಯೂ ಸೇರಿದೆ. ಮನೆಯಲ್ಲೇ ಏನು ಮಾಡಬಹುದು?
— ಓದುಗರು, ಮಂಗಳೂರು

ಉತ್ತರ: ಗರಗರಕ್ಕೆ ಕಾರಣ ಕರಾವಳಿಯ ತೇವ ಮತ್ತು ಉಪ್ಪುಗಾಳಿ. ಆ್ಯಂಪ್ ಆರಿಸಿ, ಪ್ರತಿ ನಾಬನ್ನೂ ಈ ತುದಿಯಿಂದ ಆ ತುದಿಗೆ ಹಲವು ಬಾರಿ ತಿರುಗಿಸಿ. ಕೇಬಲನ್ನು ಪ್ರತಿ ಜ್ಯಾಕಿಗೂ ಕೆಲವು ಸಲ ಹಾಕಿ ತೆಗೆಯಿರಿ. ಬಹಳಷ್ಟು ಸಂದರ್ಭಗಳಲ್ಲಿ ಇಷ್ಟರಿಂದಲೇ ಸದ್ದು ಹೋಗುತ್ತದೆ. ಹೋಗದಿದ್ದರೆ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸಿಗುವ ಕಾಂಟ್ಯಾಕ್ಟ್ ಕ್ಲೀನರ್ ಬೇಕು, ಆದರೆ ನಾಬುಗಳ ಒಳಕ್ಕೆ ಅದನ್ನು ಹಾಕಲು ಆ್ಯಂಪನ್ನು ಬಿಚ್ಚಬೇಕಾಗುತ್ತದೆ, ಅದನ್ನು ನೀವು ಮಾಡಬಾರದು. ಟ್ಯೂಬ್ ಆ್ಯಂಪಿನೊಳಗಿನ ಕೆಪಾಸಿಟರುಗಳಲ್ಲಿ ಪ್ಲಗ್ ಕಿತ್ತ ಮೇಲೂ 300, 400 ವೋಲ್ಟ್ ಉಳಿದಿರಬಹುದು. ತುಕ್ಕು ಬಿಡಿಸುವ ಎಣ್ಣೆಯನ್ನು ಸಂದಿಗಳಿಂದ ಸಿಂಪಡಿಸುವವರಿದ್ದಾರೆ. ಅದು ಧೂಳನ್ನು ಹಿಡಿದಿಟ್ಟು ಮುಂದಿನ ಮಳೆಗಾಲಕ್ಕೆ ಇಮ್ಮಡಿ ತೊಂದರೆ ಕೊಡುತ್ತದೆ.

ಗುಂಯ್‌ಗುಡುವಿಕೆಗೆ ಮೊದಲು ಗಿಟಾರಿನ ಕೇಬಲನ್ನು ಆ್ಯಂಪಿನಿಂದ ಕಿತ್ತು ನೋಡಿ. ಸದ್ದು ನಿಂತರೆ ತಪ್ಪು ಗಿಟಾರ್, ಕೇಬಲ್ ಅಥವಾ ಕೋಣೆಯದು: ತಂತಿಯ ಕಂಪನವನ್ನು ಒಂದೇ ಸುರುಳಿಯಿಂದ ಹಿಡಿಯುವ ಸಿಂಗಲ್ ಕಾಯಿಲ್ ಪಿಕಪ್‌ಗಳು ಹತ್ತಿರದ ಟ್ರಾನ್ಸ್‌ಫಾರ್ಮರ್, ಎಲ್‌ಇಡಿ ದೀಪಗಳ ಸದ್ದನ್ನೆಲ್ಲ ಹೀರುತ್ತವೆ. ತಂತಿ ಮುಟ್ಟಿದಾಗ ಸದ್ದು ತಗ್ಗುವುದು ಸಹಜ, ಆದರೆ ಮುಟ್ಟಿದಾಗ ಜುಮ್ಮೆಂದರೆ ಕೂಡಲೇ ಬಿಟ್ಟು ಮನೆಯ ಅರ್ತಿಂಗ್ ಪರೀಕ್ಷಿಸಿ. ಗುಂಯ್ ತಪ್ಪಿಸಲೆಂದು ಮೂರನೇ ಪಿನ್ ಮುರಿಯುವ ಪದ್ಧತಿ ವೇದಿಕೆಗಳಲ್ಲಿ ಇನ್ನೂ ಕಾಣುತ್ತದೆ, ಅದನ್ನು ಯಾರು ಹೇಳಿಕೊಟ್ಟರೂ ಕೇಳಬೇಡಿ. ಕರೆಂಟ್ ಹೋಗಿ ಇನ್ವರ್ಟರ್ ಮೇಲಿರುವಾಗ ಮಾತ್ರ ಸದ್ದು ಬರುವುದಾದರೆ ನಿಮ್ಮದು ನಯವಾದ ಅಲೆಯ ಬದಲು ಚೌಕಾಕಾರದ ವಿದ್ಯುತ್ ಅಲೆ ಕೊಡುವ ಸ್ಕ್ವೇರ್ ವೇವ್ ಇನ್ವರ್ಟರ್ ಇರಬೇಕು, ಆ್ಯಂಪಿನ ದೋಷವಲ್ಲ. ಕೇಬಲ್ ಕಿತ್ತ ಮೇಲೂ ಸದ್ದು ಉಳಿದು, ಆ್ಯಂಪಿಗೆ ಹದಿನೈದು ಇಪ್ಪತ್ತು ವರ್ಷವಾಗಿದ್ದರೆ, ಪವರ್ ಸಪ್ಲೈ ಕೆಪಾಸಿಟರುಗಳು ಒಣಗಿರುವ ಸಾಧ್ಯತೆ ಹೆಚ್ಚು.

ಟ್ಯೂಬುಗಳಲ್ಲಿ ಸ್ಪೀಕರಿಗೆ ಶಕ್ತಿ ಕೊಡುವ ಔಟ್‌ಪುಟ್ ಟ್ಯೂಬು ಬೇಗ ಸವೆಯುತ್ತದೆ, ಗಿಟಾರಿನ ಸಣ್ಣ ಸಂಕೇತವನ್ನು ಮೊದಲು ಹೆಚ್ಚಿಸುವ ಪ್ರಿಆ್ಯಂಪ್ ಟ್ಯೂಬು ಅದಕ್ಕಿಂತ ಬಹಳ ಕಾಲ ಬಾಳುತ್ತದೆ. ಸದ್ದು ಕುಂದುವುದು, ಕೆಳಸ್ವರಗಳು ಸಡಿಲಾಗುವುದು ಸವೆದದ್ದರ ಗುರುತು. ಒಳಗಿನ ಲೋಹದ ಫಲಕವೇ ಕೆಂಪಗೆ ಕಾದು ಹೊಳೆಯುತ್ತಿದ್ದರೆ ತಕ್ಷಣ ಆರಿಸಿ. ಹೊಸ ಜೋಡಿ ಹಾಕಿದಾಗ ಬಯಸ್, ಅಂದರೆ ಟ್ಯೂಬಿನಲ್ಲಿ ಸುಮ್ಮನಿರುವಾಗ ಹರಿಯುವ ಕರೆಂಟಿನ ಹೊಂದಾಣಿಕೆ, ಸರಿಪಡಿಸಬೇಕಾದ ಮಾದರಿಯೇ ಎಂದು ರಿಪೇರಿಯವರನ್ನು ಕೇಳಿ. ಸ್ಪೀಕರ್ ಜೋಡಿಸದೆ ಟ್ಯೂಬ್ ಆ್ಯಂಪನ್ನು ಎಂದೂ ಚಾಲೂ ಮಾಡಬೇಡಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹೋಗುತ್ತದೆ. ಮಳೆಗಾಲದಲ್ಲಿ ವಾರಕ್ಕೊಮ್ಮೆಯಾದರೂ ಅರ್ಧ ಗಂಟೆ ನುಡಿಸಿ, ಪೂರ್ತಿ ತಣ್ಣಗಾದ ಮೇಲೆ ಬಟ್ಟೆಯ ಹೊದಿಕೆ ಹಾಕಿ. ಪ್ಲಾಸ್ಟಿಕ್ ಹೊದಿಕೆ ತೇವವನ್ನು ಒಳಗೇ ಕೂಡಿಡುತ್ತದೆ.

ಪ್ರಶ್ನೆ: ಪಿಕಪ್ ಇರುವ ಅಕೂಸ್ಟಿಕ್ ಗಿಟಾರನ್ನು ಎಲೆಕ್ಟ್ರಿಕ್ ಗಿಟಾರಿನ ಆ್ಯಂಪಿಗೆ ಹಾಕಬಹುದೆ? ದನಿ ಏರಿಸಿದರೆ ಕೂಗುತ್ತದೆ.
— ಓದುಗರು, ಶಿವಮೊಗ್ಗ

ಉತ್ತರ: ಹಾಕಿದರೆ ಹಾನಿಯಿಲ್ಲ, ಆದರೆ ಮೇಲೆ ಹೇಳಿದಂತೆ ಆ ಸ್ಪೀಕರ್ ಮೇಲಿನ ಸ್ವರಾಂಶಗಳನ್ನು ತಡೆಯುವುದರಿಂದ ನಿಮ್ಮ ಗಿಟಾರಿನ ಮರದ ನಾದ ಮಂಕಾಗುತ್ತದೆ. ಟ್ವೀಟರ್ (ಮೇಲುಸ್ವರಗಳ ಸಣ್ಣ ಸ್ಪೀಕರ್) ಇರುವ ಅಕೂಸ್ಟಿಕ್ ಆ್ಯಂಪ್ ಅಥವಾ ಸಭಾಂಗಣದ ಮಿಕ್ಸರ್ ಮೇಲು. ಕೂಗುವುದು ಆ್ಯಂಪಿನ ಸದ್ದಿಗೆ ಗಿಟಾರಿನ ಡೊಳ್ಳೇ ಕಂಪಿಸಿ ಮತ್ತೆ ಪಿಕಪ್‌ಗೆ ಸೇರುವುದರಿಂದ. ಆ್ಯಂಪಿಗೆ ಎದುರಾಗಿ ಕೂರಬೇಡಿ, ಸೌಂಡ್‌ಹೋಲಿಗೆ ರಬ್ಬರ್ ಮುಚ್ಚಳ ಹಾಕಿ, ಅಲೆಯನ್ನು ತಿರುವುಮುರುವು ಮಾಡುವ ಫೇಸ್ ಸ್ವಿಚ್ ಇದ್ದರೆ ಒತ್ತಿ ನೋಡಿ, ಆಮೇಲೂ ಉಳಿದರೆ ಬಾಸ್ ನಾಬನ್ನು ಇಳಿಸಿ.