ಬಾಸ್ಟನ್‌ನಲ್ಲಿ ಇತಿಹಾಸದ ಉಪನ್ಯಾಸ: ನಿಮ್ಮ ತಂದೆಯವರಿಗೆ ಯಾವುದು ಸರಿಹೋಗುತ್ತೆ

ಮೈಸೂರಿಂದ ಬರ್ತಿರೋ ನಿಮ್ಮ ತಂದೆ ನಿವೃತ್ತ ಇತಿಹಾಸ ಮೇಷ್ಟ್ರು, ಬಾಸ್ಟನ್‌ನಲ್ಲಿ ಅಮೆರಿಕದ ಇತಿಹಾಸದ ಬಗ್ಗೆ ಉಪನ್ಯಾಸ ಎಲ್ಲಿ ಸಿಗುತ್ತೆ ಅಂತ ಕೇಳಿದ್ದೀರಿ. ಧಾರಾಳವಾಗಿ ಸಿಗುತ್ತೆ ಸರ್.

ಮೊದಲು ಮ್ಯಾಸಚೂಸೆಟ್ಸ್ ಹಿಸ್ಟಾರಿಕಲ್ ಸೊಸೈಟಿಗೆ ಕರ್ಕೊಂಡು ಹೋಗಿ. 1791ರಲ್ಲಿ ಶುರುವಾದ ಸಂಸ್ಥೆ, ಇಲ್ಲಿನ ಸಬ್‌ವೇ ರೈಲಿನ ಗ್ರೀನ್ ಲೈನ್‌ನ ಹೈನ್ಸ್ ಸ್ಟೇಷನ್‌ನಿಂದ ನಡೆದೇ ಹೋಗಬಹುದು. ಅಲ್ಲಿ ಸಾರ್ವಜನಿಕ ಉಪನ್ಯಾಸ ಬೇರೆ, ಸೆಮಿನಾರ್ ಬೇರೆ. ಸೆಮಿನಾರಿಗೆ ಹೆಸರು ನೋಂದಾಯಿಸಿದರೆ ಪ್ರಬಂಧ ಮೊದಲೇ ಕಳಿಸ್ತಾರೆ, ಓದಿಕೊಂಡೇ ಹೋಗಬೇಕು. ಬರೆದವರು ನಾಲ್ಕು ಮಾತಾಡಿ ಕೂರ್ತಾರೆ, ಉಳಿದದ್ದೆಲ್ಲ ಚರ್ಚೆ. ಇಲ್ಲಿನವರ ಇಂಗ್ಲಿಷ್ ಇನ್ನೂ ಕಿವಿಗೆ ಹಿಡಿಯದ ಹಿರಿಯರಿಗೆ ಸೆಮಿನಾರೇ ವಾಸಿ, ವಿಷಯ ಕೈಯಲ್ಲಿರುತ್ತಲ್ಲ! ಶುಲ್ಕ ಇದೆಯೋ ಇಲ್ಲವೋ ಅನ್ನೋದು ಕಾರ್ಯಕ್ರಮದಿಂದ ಕಾರ್ಯಕ್ರಮಕ್ಕೆ ಬದಲಾಗುತ್ತೆ, ನೋಡಿಕೊಳ್ಳಿ.

ಉಪನ್ಯಾಸಗಳು ನಡೆಯೋ ಹಳೇ ಸಭಾಭವನ ಓಲ್ಡ್ ಸೌತ್ ಮೀಟಿಂಗ್ ಹೌಸನ್ನೂ ತಪ್ಪಿಸಬೇಡಿ. 1773ರ ಡಿಸೆಂಬರ್ 16ರಂದು, ಬಾಸ್ಟನ್ ಟೀ ಪಾರ್ಟಿಯ ದಿನ, ಬ್ರಿಟಿಷರ ಟೀ ತೆರಿಗೆ ವಿರೋಧಿಸಿ ಜನ ಸೇರಿದ್ದು ಅಲ್ಲೇ; ಅಲ್ಲಿಂದ ಬಂದರಿಗೆ ಹೋಗಿ 342 ಪೆಟ್ಟಿಗೆ ಟೀ ನೀರಿಗೆ ಸುರಿದರು. ಆ ಟೀ ಈಸ್ಟ್ ಇಂಡಿಯಾ ಕಂಪನಿಯದು. 1769ರಲ್ಲಿ ಹೈದರಾಲಿ ಮದ್ರಾಸಿನ ಬಾಗಿಲಿಗೇ ನುಗ್ಗಿ ಸಂಧಿಗೆ ಒಪ್ಪಿಸಿದ್ದು ಇದೇ ಕಂಪನಿಯನ್ನ. 1782ರಲ್ಲಿ, ಅಮೆರಿಕದ ಸ್ವಾತಂತ್ರ್ಯ ಯುದ್ಧದ ಸಮಯದಲ್ಲಿ, ಪೆನ್ಸಿಲ್ವೇನಿಯಾದವರ ಒಂದು ಯುದ್ಧನೌಕೆ ಬ್ರಿಟಿಷರ 'ಜನರಲ್ ಮಂಕ್' ಹಡಗನ್ನ ಸೆರೆಹಿಡಿಯಿತು. ಆ ನೌಕೆಯ ಹೆಸರೇ 'ಹೈದರ್ ಆಲಿ'! ಪ್ರಶ್ನೋತ್ತರದಲ್ಲಿ ಇದನ್ನ ಎತ್ತೋಕೆ ಹೇಳಿ, ಮೈಸೂರಿನವರು ಕೇಳದೆ ಇನ್ಯಾರು ಕೇಳಬೇಕು?

ಚಳಿಗಾಲದಲ್ಲಿ ಬರೋದಾದ್ರೆ ಆನ್‌ಲೈನ್ ಕಾರ್ಯಕ್ರಮಗಳನ್ನೂ ನೋಡಿ. ಹಿಮ ಬಿದ್ದ ಸಂಜೆ ಹಿರಿಯರನ್ನ ಹೊರಗೆ ಎಳೆಯೋದು ಬೇಡ.