ಎರಿ ನೆಲ, ಕಾದ ಪತ್ರಾಸು, ಮಳೆಗಾಲದ ತೇವ: ಮನೆಯಲ್ಲೇ ಗಾಡಿ ಶೆಡ್ ಕಟ್ಟುವವರ ಪ್ರಶ್ನೆಗಳು

ಪ್ರಶ್ನೆ: ನಮ್ಮದು ಬಸವನ ಬಾಗೇವಾಡಿ ತಾಲ್ಲೂಕು. ಹಿತ್ತಲಲ್ಲಿ 20 ಅಡಿ ಉದ್ದ, 14 ಅಡಿ ಅಗಲದ ಶೆಡ್ ಹಾಕಿ, ಅಪ್ಪನ ಕಾಲದ ಜೀಪನ್ನು ನಾನೇ ಬಿಚ್ಚಿ ರಿಪೇರಿ ಮಾಡಬೇಕೆಂದಿದ್ದೇನೆ. ಪೂರಾ ಎರಿ (ಕಪ್ಪು ಮಣ್ಣಿನ) ಭೂಮಿ. ಗರಸು (ಗಟ್ಟಿ ಮೊರಂ ಮಣ್ಣು) ಹಾಸಿ ಮೇಲೆ ಫರ್ಶಿ (ಹಾಸುಗಲ್ಲು) ಕೂರಿಸಿದರೆ ಸಾಕು ಎನ್ನುತ್ತಾರೆ ಗೌಂಡಿಯವರು. ಗಾಡಿಯ ಕೆಳಗೆ ನಿಂತು ಕೆಲಸ ಮಾಡಲು ಒಂದು ಗುಂಡಿಯನ್ನೂ ತೋಡಿಸುವ ಆಸೆ ಇದೆ. ಸರಿಯಾದೀತೇ?

ಉತ್ತರ: ಫರ್ಶಿ ಬೇಡ. ಗುಂಡಿಯಂತೂ ಬೇಡವೇ ಬೇಡ.

ಎರಿ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಏಪ್ರಿಲ್‌ನಲ್ಲಿ ನಿಮ್ಮ ಹಿತ್ತಲಿನ ಬಿರುಕಿನೊಳಗೆ ಒಂದು ಕಬ್ಬಿಣದ ಸಳಿ ಇಳಿಬಿಟ್ಟು ನೋಡಿ. ಅದು ಎಷ್ಟು ಆಳಕ್ಕೆ ಇಳಿಯುತ್ತದೋ ಕನಿಷ್ಠ ಅಷ್ಟು ಮಣ್ಣು ಪ್ರತಿ ವರ್ಷ ಏರಿಳಿಯುತ್ತಿದೆ ಎಂದರ್ಥ. ಅದರ ಮೇಲೆ ಕೂತ ಫರ್ಶಿಯ ಅಡಿಯಲ್ಲಿ ಅಲ್ಲಲ್ಲಿ ಪೊಳ್ಳು ಬೀಳುತ್ತದೆ. ಜನ ಓಡಾಡುವಾಗ ತಿಳಿಯುವುದಿಲ್ಲ. ಆದರೆ ಒಂದೂಕಾಲು ಟನ್ ತೂಕದ ಜೀಪನ್ನು ನಾಲ್ಕು ಸ್ಟ್ಯಾಂಡ್ ಮೇಲೆ ಎತ್ತಿದಾಗ ಒಂದೊಂದು ಸ್ಟ್ಯಾಂಡಿನ ಪಾದಕ್ಕೆ ಸುಮಾರು 300 ಕೆಜಿ ಬೀಳುತ್ತದೆ. ಪೊಳ್ಳಿನ ಮೇಲಿದ್ದರೆ ಕಲ್ಲು ಒಡೆಯುತ್ತದೆ, ಸ್ಟ್ಯಾಂಡ್ ವಾಲುತ್ತದೆ, ನೀವು ಕೆಳಗೇ ಮಲಗಿರುತ್ತೀರಿ. ಇನ್ನೊಂದು ಕಾರಣವೂ ಇದೆ. ಶಹಾಬಾದ್ ಫರ್ಶಿ ಸುಣ್ಣದ ಕಲ್ಲು. ಬ್ಯಾಟರಿಯ ಆಸಿಡ್ ಚೆಲ್ಲಿದ ಕಡೆ ನೊರೆಯೆದ್ದು ಕೊರೆಯುತ್ತದೆ, ಎಣ್ಣೆ ಒಳಕ್ಕಿಳಿದರೆ ಕಲೆ ಹೋಗುವುದೇ ಇಲ್ಲ.

ಮೊದಲು ಮಣ್ಣು ಪರೀಕ್ಷಿಸಲೆಂದೇ ಒಂದು ಚಿಕ್ಕ ಗುಂಡಿ ತೋಡಿಸಿ ಎರಿ ಎಷ್ಟು ಆಳ ಇದೆ ಎಂದು ನೋಡಿ. ಮೂರ್ನಾಲ್ಕು ಅಡಿಗೆ ಗರಸು ಸಿಕ್ಕರೆ ಗೋಡೆಯ ಪಾಯವನ್ನು ಅಲ್ಲಿಗೇ ಇಳಿಸಿ. ಡೋಣಿ ನದಿಯ ಸಾಲಿನ ಕಡೆ ಇರುವಂತೆ ಆಳವಾದ ಎರಿಯಿದ್ದರೆ ಅಂಡರ್ ರೀಮ್ಡ್ ಪೈಲ್ ಬೇಕಾಗುತ್ತದೆ. ಸುಮಾರು ಮೂರೂವರೆ ಮೀಟರ್ ಆಳ ಕೊರೆದು, ಬುಡದಲ್ಲಿ ಗುಂಡಗೆ ಅಗಲಿಸಿ ಕಾಂಕ್ರೀಟ್ ತುಂಬುವ ಕಂಬ ಅದು. ಮೇಲಿನ ಮಣ್ಣು ಎಷ್ಟೇ ಆಡಿದರೂ ಬುಡ ಕದಲುವುದಿಲ್ಲ. ಇದನ್ನು ಒಬ್ಬ ಸಿವಿಲ್ ಎಂಜಿನಿಯರ್ ಲೆಕ್ಕ ಹಾಕಿಯೇ ಮಾಡಿಸಬೇಕು.

ನೆಲದ ವಿಷಯ ಬೇರೆ. ಶೆಡ್ಡಿನ ಒಳಗಿನ ಎರಿಯನ್ನು ಕನಿಷ್ಠ ಎರಡೂವರೆ ಅಡಿ ತೆಗೆದು ಗರಸು ತುಂಬಿ. ನಿಮ್ಮ ಅಳತೆಗೆ ಕುಟ್ಟಿದ ಮೇಲೆ 7 ಬ್ರಾಸ್ (ಒಂದು ಬ್ರಾಸ್ ಎಂದರೆ 100 ಘನ ಅಡಿ) ಆಗುತ್ತದೆ, ಸಡಿಲ ಗರಸು ಸುಮಾರು 9 ಬ್ರಾಸ್ ತರಿಸಬೇಕು. ಒಮ್ಮೆಗೇ ಸುರಿದು ಮೇಲೆ ಟ್ರ್ಯಾಕ್ಟರ್ ಓಡಿಸಿದರೆ ಮೇಲಿನ ಅರ್ಧ ಅಡಿ ಮಾತ್ರ ಗಟ್ಟಿಯಾಗುತ್ತದೆ. ಆರಾರು ಇಂಚಿನ ಪದರ ಹಾಕಿ, ನೀರು ಚಿಮುಕಿಸಿ, ಪ್ಲೇಟ್ ವೈಬ್ರೇಟರ್‌ನಿಂದ ಕುಟ್ಟಿಸಿ. ಅಗೆದ ಎರಿಯನ್ನು ಗರಸಿನ ಜೊತೆ ಬೆರೆಸಲು ಬಿಡಬೇಡಿ. ಲಾರಿ ಬಾಡಿಗೆ ಉಳಿಸಲು ಈ ಕೆಲಸ ಬಹಳ ಕಡೆ ನಡೆಯುತ್ತದೆ, ನೆಲ ಉಬ್ಬಲು ಅದೇ ಮೊದಲ ಕಾರಣ.

ಗರಸಿನ ಮೇಲೆ 250 ಮೈಕ್ರಾನ್ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ 5 ಇಂಚು ದಪ್ಪದ ಎಂ-20 ದರ್ಜೆಯ ಕಾಂಕ್ರೀಟ್. ನಿಮ್ಮ 280 ಚದರ ಅಡಿಗೆ 27 ಚೀಲ ಸಿಮೆಂಟ್, ಅರ್ಧ ಬ್ರಾಸ್ ಉಸುಕು, ಒಂದು ಬ್ರಾಸ್ 20 ಎಂಎಂ ಖಡಿ ಬೇಕು. 8 ಎಂಎಂ ಸಳಿಯನ್ನು ಎರಡೂ ದಿಕ್ಕಿಗೆ 8 ಇಂಚಿಗೊಂದರಂತೆ ಕಟ್ಟಿಸಿ, ಸುಮಾರು 110 ಕೆಜಿ ಆಗುತ್ತದೆ. ಜಾಲರಿ ನೆಲಕ್ಕೆ ಅಂಟಿಕೊಂಡು ಬಿದ್ದಿದ್ದರೆ ಉಪಯೋಗವಿಲ್ಲ, ಸ್ಲ್ಯಾಬಿನ ಮೇಲಿನ ಮೂರನೇ ಒಂದು ಭಾಗದಲ್ಲಿ ಕೂರುವಂತೆ ಕೆಳಗೆ ಕುರ್ಚಿ ಸಳಿ ಕೊಡಿಸಿ. ಸ್ಲ್ಯಾಬ್ ಗೋಡೆಗೆ ತಾಗಬಾರದು. ಸುತ್ತಲೂ ಅರ್ಧ ಇಂಚು ಥರ್ಮೋಕೋಲ್ ಪಟ್ಟಿ ಇಟ್ಟು ಬಿಡಿಸಿ, ಆಗ ನೆಲ ಆಡಿದರೆ ಗೋಡೆ ಸೀಳುವುದಿಲ್ಲ. ಮಾರನೇ ದಿನವೇ ಕಟರ್‌ನಿಂದ ಉದ್ದಕ್ಕೂ ಅಡ್ಡಕ್ಕೂ ನಡುಮಧ್ಯೆ ಒಂದೂಕಾಲು ಇಂಚು ಆಳ ಗೀರಿಸಿ. ಕಾಂಕ್ರೀಟ್ ಬಿರಿಯುವುದಾದರೆ ಆ ಗೆರೆಯಲ್ಲೇ ಬಿರಿಯುತ್ತದೆ. ಬಾಗಿಲ ಕಡೆಗೆ ನೂರಕ್ಕೆ ಒಂದರ ಇಳಿಜಾರು ಸಾಕು. ಹೆಚ್ಚಾದರೆ ಗಾಡಿ ಉರುಳುತ್ತದೆ.

ಇದನ್ನು ಯಾವಾಗ ಮಾಡಿಸಬೇಕೆಂದು ಯಾರೂ ಕೇಳುವುದಿಲ್ಲ, ಆದರೆ ಅರ್ಧ ಯಶಸ್ಸು ಅದರಲ್ಲೇ ಇದೆ. ಮೇ ತಿಂಗಳಲ್ಲಿ ಹಾಕಿದರೆ ಕೆಳಗಿನ ಎರಿ ಪೂರಾ ಒಣಗಿ ಕುಗ್ಗಿರುತ್ತದೆ. ಹಿಂಗಾರಿ ಮಳೆ ಬಿದ್ದಾಗ ಅದು ಉಬ್ಬಿ ಸ್ಲ್ಯಾಬನ್ನು ನಡುವಿನಿಂದಲೋ ಅಂಚಿನಿಂದಲೋ ಎತ್ತುತ್ತದೆ. ಸೆಪ್ಟೆಂಬರ್, ಅಕ್ಟೋಬರ್ ಮಳೆ ಮುಗಿದು ಮಣ್ಣು ಹದಕ್ಕೆ ಬಂದ ನವೆಂಬರ್, ಡಿಸೆಂಬರ್ ಒಳ್ಳೆಯ ಕಾಲ. ಬಿಸಿಲೂ ಕಡಿಮೆ ಇರುವುದರಿಂದ ಕಾಂಕ್ರೀಟ್ ಬೇಗ ಒಣಗಿ ಕೂದಲೆಳೆ ಬಿರುಕು ಬಿಡುವುದಿಲ್ಲ. ಹತ್ತು ದಿನ ಒಡ್ಡು ಕಟ್ಟಿ ನೀರು ನಿಲ್ಲಿಸಿ. ಜೀಪನ್ನು 28 ದಿನದ ಮೇಲೆ ಒಳಗೆ ತನ್ನಿ. ಶೆಡ್ಡಿನ ಸುತ್ತ ಮೂರು ಅಡಿ ಅಗಲದ ಕಾಂಕ್ರೀಟ್ ಕಟ್ಟೆಯನ್ನು ಹೊರಕ್ಕೆ ಇಳಿಜಾರಾಗಿ ಹಾಕಿಸಿ, ಪತ್ರಾಸಿನ (ಮಾಡಿನ ತಗಡಿನ) ನೀರು ಪಾಯದ ಬುಡಕ್ಕೆ ಬೀಳದಿರಲಿ. ಗೋಡೆಗೆ ಹತ್ತಿರ ಬೇವಿನ ಗಿಡ ಹಚ್ಚಬೇಡಿ. ಅದರ ಬೇರು ಒಂದೇ ಬದಿಯ ತೇವ ಹೀರಿ ಆ ಮೂಲೆಯನ್ನಷ್ಟೇ ಇಳಿಸುತ್ತದೆ.

ಇನ್ನು ಗುಂಡಿ. ಉಬ್ಬುವ ಎರಿ ಪಕ್ಕದಿಂದಲೂ ಒತ್ತುತ್ತದೆ, ಇಟ್ಟಿಗೆಯ ಗೋಡೆ ಒಳಕ್ಕೆ ಬಾಗುತ್ತದೆ, ಮಳೆಗಾಲದಲ್ಲಿ ನೀರು ಜಿನುಗುತ್ತದೆ. ಅದಕ್ಕಿಂತ ದೊಡ್ಡ ಅಪಾಯ ಪೆಟ್ರೋಲಿನ ಆವಿ. ಅದು ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ, ಹೊರಗೆ ಹೋಗದೆ ಗುಂಡಿಯಲ್ಲೇ ತುಂಬಿಕೊಂಡು ನಿಲ್ಲುತ್ತದೆ. ಕೈಬಲ್ಬ್ ಒಡೆದ ಒಂದು ಕಿಡಿ ಸಾಕು. ಜೀಪಿಗೆ ಗುಂಡಿಯ ಅಗತ್ಯವೇ ಇಲ್ಲ, ಅದರ ಹೊಟ್ಟೆ ನೆಲದಿಂದ ಎತ್ತರದಲ್ಲೇ ಇದೆ. ಪಕ್ಕಾ ಸ್ಟ್ಯಾಂಡ್ ನಾಲ್ಕು, ಮೂರು ಟನ್‌ನ ಟ್ರಾಲಿ ಜಾಕ್ ಒಂದು, ಚಕ್ರಕ್ಕೆ ಅಡ್ಡ ಕೊಡಲು ಕಟ್ಟಿಗೆಯ ಗುಟ್ಟಿ, ಇಷ್ಟಿದ್ದರೆ ಸಾಕು. ಬರೀ ಜಾಕ್ ಮೇಲಿರುವ ಗಾಡಿಯ ಕೆಳಗೆ ಕೈ ಕೂಡ ಹಾಕಬೇಡಿ. ಇಟ್ಟಿಗೆ, ಸಿಮೆಂಟ್ ಬ್ಲಾಕ್ ಪೇರಿಸಿ ಗಾಡಿ ನಿಲ್ಲಿಸಬೇಡಿ, ಅವು ಮುನ್ಸೂಚನೆ ಕೊಡದೆ ಸಿಡಿಯುತ್ತವೆ.

ಪ್ರಶ್ನೆ: ವಿಜಯಪುರದಲ್ಲಿ ಮನೆ ಪಕ್ಕದ ಪತ್ರಾಸ್ ಶೆಡ್ಡಿನಲ್ಲಿ ಬೈಕ್‌ಗಳನ್ನು ರಿಪೇರಿ ಮಾಡುತ್ತೇನೆ. ಬೇಸಿಗೆಯಲ್ಲಿ ಹನ್ನೊಂದರ ಮೇಲೆ ಒಳಗೆ ನಿಲ್ಲಲಾಗದು. ಕೂಲರ್ ತರಲೇ, ದೊಡ್ಡ ಎಕ್ಸಾಸ್ಟ್ ಫ್ಯಾನ್ ಹಾಕಲೇ?

ಉತ್ತರ: ನಿಮ್ಮನ್ನು ಬೇಯಿಸುತ್ತಿರುವುದು ಗಾಳಿಗಿಂತ ಹೆಚ್ಚಾಗಿ ಪತ್ರಾಸೇ. ಮಧ್ಯಾಹ್ನ ಬರಿ ತಗಡು 60 ಡಿಗ್ರಿ ದಾಟುತ್ತದೆ, ಆ ಕಾವು ನೇರವಾಗಿ ತಲೆ, ಹೆಗಲ ಮೇಲೆ ಸುರಿಯುತ್ತದೆ. ಎಕ್ಸಾಸ್ಟ್ ಫ್ಯಾನ್ ಗಾಳಿ ಬದಲಿಸುತ್ತದೆಯೇ ಹೊರತು ಆ ಕಾವನ್ನು ತಡೆಯಲಾರದು. ಹೀಗಾಗಿ ಮೊದಲ ಖರ್ಚು ಮಾಡಿಗೆ. ಹೊರಮೈಗೆ ಬಿಳಿ ಕೂಲ್ ರೂಫ್ ಬಣ್ಣ ಎರಡು ಕೈ ಹೊಡೆಸಿ. ಒಳಗೆ ಅಲ್ಯೂಮಿನಿಯಂ ಹಾಳೆಯ ಬಬಲ್ ಶೀಟ್ ಕಟ್ಟಿಸಿ, ಆದರೆ ತಗಡಿಗೆ ಅಂಟಿಸಬೇಡಿ. ನಡುವೆ ಕನಿಷ್ಠ ಒಂದು ಇಂಚು ಗಾಳಿ ಇದ್ದರೆ ಮಾತ್ರ ಹೊಳೆಯುವ ಮೈ ಕಾವನ್ನು ತಡೆಯುತ್ತದೆ. ಅಂಟಿಸಿಬಿಟ್ಟು ಹಣ ಕಳೆದುಕೊಂಡವರೇ ಹೆಚ್ಚು. ಬರಿ ಥರ್ಮೋಕೋಲ್ ಹಚ್ಚಬೇಡಿ, ಗ್ರೈಂಡರಿನ ಕಿಡಿಗೆ ಹೊತ್ತಿಕೊಂಡು ಕರಗಿ ಉರಿಯುತ್ತಾ ಮೈಮೇಲೆ ಬೀಳುತ್ತದೆ.

ಆಮೇಲೆ ಮಾಡಿನ ತುದಿಯಲ್ಲಿ ಬಿಸಿಗಾಳಿ ಹೋಗಲು ಸಂದಿ, ಗೋಡೆಯ ಬುಡದಲ್ಲಿ ಒಳಬರಲು ಜಾಲರಿ ಕಿಂಡಿ ಬಿಡಿಸಿ. ಹೊಸದಾಗಿ ಕಟ್ಟುವವರು ಎತ್ತರ 12 ಅಡಿಗೆ ಕಡಿಮೆ ಮಾಡಬೇಡಿ, ದೊಡ್ಡ ಬಾಗಿಲನ್ನು ಪಶ್ಚಿಮಕ್ಕೆ ಇಡಬೇಡಿ. ಸಂಜೆ ಬಿಸಿಲೂ ಮುಂಗಾರಿನ ಇರಚಲೂ ಅದೇ ದಿಕ್ಕಿನಿಂದ ಬರುತ್ತವೆ. ಕೂಲರ್ ನಿಮ್ಮ ಊರಿನ ಒಣ ಸೆಕೆಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಬಣ್ಣ ಕೆರೆದ ಬರಿ ತಗಡು, ಬಿಚ್ಚಿಟ್ಟ ಬೇರಿಂಗ್, ಸಿಲಿಂಡರ್ ಬೋರ್ ಎದುರಿಗಿದ್ದಾಗ ಹಚ್ಚಬೇಡಿ, ಅದು ತರುವ ತಂಪಿನ ಜೊತೆ ನೀರೂ ಬರುತ್ತದೆ. ಟ್ಯಾಂಕಿಗೆ ಬಣ್ಣ ಹೊಡೆಯುವುದಾದರೆ ಬೆಳಗಿನ ಎಂಟರೊಳಗೆ ಮುಗಿಸಿ. ನಲವತ್ತರ ಸೆಕೆಯಲ್ಲಿ ಬಣ್ಣದ ಹನಿ ತಗಡು ಮುಟ್ಟುವ ಮೊದಲೇ ಒಣಗಿ ಉಸುಕು ಉಸುಕಾಗುತ್ತದೆ.

ಪ್ರಶ್ನೆ: ಬೆಳಗಾವಿಯ ನಮ್ಮ ಗ್ಯಾರೇಜಿನಲ್ಲಿ ಜುಲೈ, ಆಗಸ್ಟ್‌ನಲ್ಲಿ ಹಳೆ ಕಾರಿನ ಕೆಲಸ ಕೈಗೆತ್ತಿಕೊಂಡರೆ ಕೆರೆದ ತಗಡು ಮಾರನೇ ದಿನಕ್ಕೇ ಕೆಂಪಾಗುತ್ತದೆ, ಬಣ್ಣ ಬೆಳ್ಳಗೆ ಮಸುಕಾಗುತ್ತದೆ. ಒಳಗೆ ಕಾವು ಕೊಟ್ಟರೆ ಸರಿಹೋದೀತೇ? ಇದ್ದಿಲ ಶೆಗಡಿ ಅಥವಾ ಗ್ಯಾಸ್ ಹೀಟರ್ ಇಡಬಹುದೇ?

ಉತ್ತರ: ಕಾವು ಕೊಡುವ ಯೋಚನೆ ಸರಿ, ಶೆಗಡಿಯೂ ಗ್ಯಾಸೂ ತಪ್ಪು.

ಲೆಕ್ಕ ನೋಡಿ. ಗಾಳಿ 22 ಡಿಗ್ರಿ ಇದ್ದು ತೇವಾಂಶ ಶೇ 90 ಇದೆ ಎಂದುಕೊಳ್ಳಿ. ಅದೇ ಗಾಳಿಯನ್ನು 30 ಡಿಗ್ರಿಗೆ ಕಾಯಿಸಿದರೆ, ಒಂದು ಹನಿ ನೀರನ್ನೂ ತೆಗೆಯದೆ ತೇವಾಂಶ ಶೇ 56ಕ್ಕೆ ಇಳಿಯುತ್ತದೆ. ಪ್ರೈಮರ್ ಹಚ್ಚಲು ಇದು ಧಾರಾಳ ಸಾಕು. ಈಗ ಗ್ಯಾಸ್ ಉರಿಸಿ ನೋಡಿ. 20 ಅಡಿ, 14 ಅಡಿ, 10 ಅಡಿ ಎತ್ತರದ ಕೋಣೆಯ ಅಷ್ಟೂ ಗಾಳಿಯಲ್ಲಿ ಆಗ ಇರುವ ನೀರು ಹೆಚ್ಚುಕಡಿಮೆ 1.4 ಕೆಜಿ. ಒಂದು ಕೆಜಿ ಅಡುಗೆ ಅನಿಲ ಉರಿದರೆ ಹುಟ್ಟುವ ನೀರಾವಿಯೇ 1.6 ಕೆಜಿ. ಕಾವಿನ ಜೊತೆಗೇ ತೇವವನ್ನೂ ತುಂಬಿದಂತಾಯಿತು. ಇದ್ದಿಲಿನಲ್ಲಿ ನೀರು ಕಡಿಮೆ, ಆದರೆ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಬಾಗಿಲು ಮುಚ್ಚಿ ಕೆಲಸ ಮಾಡುವವರನ್ನು ನಿದ್ದೆ ಬಂದಂತೆ ಮಾಡಿ ಕೊಂದುಬಿಡುತ್ತದೆ. ಥಿನ್ನರ್ ಇರುವಲ್ಲಿ ಬೆಂಕಿಯ ಮಾತೇ ಬೇಡ.

ಎಣ್ಣೆ ತುಂಬಿದ ವಿದ್ಯುತ್ ರೇಡಿಯೇಟರ್ ತೆಗೆದುಕೊಳ್ಳಿ, ಅದರಲ್ಲಿ ಕೆಂಪಗೆ ಕಾಯುವ ಕಾಯಿಲ್ ಹೊರಗಿರುವುದಿಲ್ಲ. ಮೇಲೆ ಬರಿ ಪತ್ರಾಸು ಇದ್ದರೆ ಆ ಅಳತೆಯ ಕೋಣೆಯನ್ನು 8 ಡಿಗ್ರಿ ಏರಿಸಿ ಹಿಡಿಯಲು ಸುಮಾರು 2.7 ಕಿಲೋವ್ಯಾಟ್ ಬೇಕು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮಾಡಿನಿಂದಲೇ ಸೋರಿಹೋಗುತ್ತದೆ. ಕೆಳಗೆ 50 ಎಂಎಂ ರಾಕ್ ವೂಲ್, ಅದಕ್ಕೆ ಜಿಪ್ಸಂ ಬೋರ್ಡ್ ಹೊದಿಸಿದರೆ ಒಂದೂವರೆ ಕಿಲೋವ್ಯಾಟ್‌ಗೆ ಇಳಿಯುತ್ತದೆ. ಆಗ ಎರಡು ಕಿಲೋವ್ಯಾಟ್‌ನ ಒಂದೇ ಹೀಟರ್ ಸಾಕಾಗುತ್ತದೆ. ಶಟರಿನ ಕೆಳಸಂದಿಗೆ ರಬ್ಬರ್ ಪಟ್ಟಿ ಹಾಕದಿದ್ದರೆ ಮಾತ್ರ ಈ ಲೆಕ್ಕ ಕೆಡುತ್ತದೆ.

ಗಾಳಿ ಬೇಗ ಕಾಯುತ್ತದೆ, ತಗಡು ನಿಧಾನ, ಎಂಜಿನ್ ಬ್ಲಾಕ್ ಇನ್ನೂ ನಿಧಾನ. ಮಂಜು ಕೂರುವುದು ತಣ್ಣಗಿನ ಮೈ ಮೇಲೆ. ಆದ್ದರಿಂದ ಬಣ್ಣ ಹೊಡೆಯುವ ನಾಲ್ಕು ತಾಸು ಮೊದಲೇ ಹೀಟರ್ ಹಚ್ಚಿ, ತಗಡಿನ ಕಾವು ಇಬ್ಬನಿ ಕೂರುವ ಮಟ್ಟಕ್ಕಿಂತ ಕನಿಷ್ಠ 3 ಡಿಗ್ರಿ ಮೇಲಿರಲಿ. ಮೇಲಿನ ಉದಾಹರಣೆಯಲ್ಲಿ ಇಬ್ಬನಿಯ ಮಟ್ಟ ಸುಮಾರು 20 ಡಿಗ್ರಿ, ಅಂದರೆ ತಗಡು 23 ದಾಟಿರಬೇಕು. ತೇವಾಂಶ ತೋರಿಸುವ ಚಿಕ್ಕ ಮೀಟರ್ ಒಂದನ್ನು ಗೋಡೆಗೆ ತೂಗುಹಾಕಿ. ಹೊಡೆಯುವ ಮುನ್ನ ಹೀಟರ್ ಬಂದ್ ಮಾಡಿ ಪ್ಲಗ್ ಕಿತ್ತು ಹೊರಗಿಡಿ, ಅದರ ಥರ್ಮೋಸ್ಟ್ಯಾಟ್ ಕಿಡಿ ಹಾರಿಸುತ್ತದೆ. ಥಿನ್ನರ್ ವಾಸನೆ ಪೂರಾ ಹೋದಮೇಲೆ ಮತ್ತೆ ಹಚ್ಚಿ.

ಬಣ್ಣ ಬೆಳ್ಳಗಾಗುವುದಕ್ಕೆ ಎನ್‌ಸಿ (ನೈಟ್ರೋಸೆಲ್ಯುಲೋಸ್ ಬಣ್ಣದ) ಥಿನ್ನರ್ ಬೇಗ ಆರುವುದೇ ಕಾರಣ. ಆರುವಾಗ ಅದು ಮೈಯನ್ನು ತಣ್ಣಗಾಗಿಸುತ್ತದೆ, ಆ ತಂಪಿಗೆ ಗಾಳಿಯ ನೀರು ಹಸಿ ಬಣ್ಣದೊಳಗೆ ಇಳಿಯುತ್ತದೆ. ನಿಧಾನ ಆರುವ ಥಿನ್ನರ್, ತೆಳು ಕೋಟು, ನಡುವೆ ಹೆಚ್ಚು ಬಿಡುವು. ಕಂಪ್ರೆಸರಿನ ಟ್ಯಾಂಕಿನ ನೀರನ್ನು ದಿನಾ ಇಳಿಸಿ. ನೀರು ಹಿಡಿಯುವ ಫಿಲ್ಟರ್ ಕಂಪ್ರೆಸರಿಗೇ ಅಂಟಿಕೊಂಡಿದ್ದರೆ ಅಲ್ಲಿ ಗಾಳಿ ಇನ್ನೂ ಬಿಸಿ, ನೀರು ಆವಿಯಾಗಿಯೇ ದಾಟಿಹೋಗುತ್ತದೆ. ಎಂಟು ಹತ್ತು ಮೀಟರ್ ಪೈಪಿನಲ್ಲಿ ತಣ್ಣಗಾದ ಮೇಲೆ, ಗನ್‌ಗೆ ಹತ್ತಿರ ಫಿಲ್ಟರ್ ಇರಲಿ.

ಕೆರೆದ ತಗಡನ್ನು ಅದೇ ದಿನ ಎರಡು ಡಬ್ಬಿಯ ಎಪಾಕ್ಸಿ ಪ್ರೈಮರ್‌ನಿಂದ ಮುಚ್ಚಿ, ಪುಟ್ಟಿ ಅದರ ಮೇಲೆ. ಬರಿ ಪುಟ್ಟಿ ನೀರು ಹೀರುತ್ತದೆ, ವಾರಗಟ್ಟಲೆ ಹಾಗೇ ಬಿಟ್ಟರೆ ಒಳಗಿನಿಂದ ತುಕ್ಕು ಏಳುತ್ತದೆ. ಕಾರಿಗೆ ಪ್ಲಾಸ್ಟಿಕ್ ಹೊದಿಸಬೇಡಿ, ಹತ್ತಿ ಬಟ್ಟೆ ಹೊದಿಸಿ. ಕೊನೆಯ ಪಿಯು (ಪಾಲಿಯುರೆಥೇನ್) ಬಣ್ಣವನ್ನು ಮಾತ್ರ ಬಣ್ಣ ಹೊಡೆಯುವ ಬೂತ್ ಇರುವ ಗ್ಯಾರೇಜಿಗೆ ಬಿಡಿ ಎಂದು ಕೇಳಿಕೊಳ್ಳುತ್ತೇವೆ. ಅದರ ಗಟ್ಟಿಕಾರಕದಲ್ಲಿರುವ ಐಸೊಸೈನೇಟ್ ಉಸಿರಿಗೆ ಹೋದರೆ ಜೀವನಪೂರ್ತಿ ಆಸ್ತಮಾ ತರಬಹುದು, ಇದ್ದಿಲ ಫಿಲ್ಟರಿನ ಮಾಸ್ಕನ್ನು ಅದಕ್ಕೆ ನಂಬುವಂತಿಲ್ಲ.

ಪ್ರಶ್ನೆ: ಬಾಗಲಕೋಟೆ ನವನಗರ. ಮೀಟರಿನಿಂದ ಶೆಡ್ಡಿಗೆ 40 ಮೀಟರ್, 2.5 ಚದರ ಎಂಎಂ ವೈರು ಎಳೆದಿದ್ದೇನೆ. ವೆಲ್ಡಿಂಗ್ ಮಾಡಿದರೆ ಲೈಟು ಮಂಕಾಗುತ್ತವೆ, 2 ಎಚ್‌ಪಿ ಕಂಪ್ರೆಸರ್ ಗುಂಯ್ ಎನ್ನುತ್ತದೆ, ತಿರುಗುವುದಿಲ್ಲ. ಮೋಟಾರ್ ಹೋಗಿದೆಯೇ?

ಉತ್ತರ: ಮೋಟಾರ್ ಇನ್ನೂ ಹೋಗಿಲ್ಲದಿರಬಹುದು, ಹೀಗೇ ಮುಂದುವರಿಸಿದರೆ ಖಂಡಿತ ಸುಡುತ್ತದೆ. ನಿಮ್ಮ ವೈರಿನಲ್ಲಿ ಹೋಗಿ ಬರುವ 80 ಮೀಟರಿಗೆ 20 ಆಂಪಿಯರ್ ಹರಿದರೆ 12 ವೋಲ್ಟ್ ಕಳೆದುಹೋಗುತ್ತದೆ. ಕಂಪ್ರೆಸರ್ ಎದ್ದೇಳುವ ಕ್ಷಣದಲ್ಲಿ 50 ಆಂಪಿಯರ್ ಎಳೆಯುತ್ತದೆ, ಆಗ 30 ವೋಲ್ಟ್ ಹೋಗುತ್ತದೆ. ಬೇಸಿಗೆ ಸಂಜೆ ಮೀಟರಿನಲ್ಲೇ 200 ಇದ್ದರೆ ಮೋಟಾರಿಗೆ ಸಿಗುವುದು 170. 6 ಚದರ ಎಂಎಂ ತಾಮ್ರದ ವೈರು ಹಾಕಿದರೆ ಈ ನಷ್ಟ 12 ವೋಲ್ಟ್‌ಗೆ ಇಳಿಯುತ್ತದೆ. ವೆಲ್ಡಿಂಗೂ ಕಂಪ್ರೆಸರೂ ಒಟ್ಟಿಗೆ ನಡೆಯುವುದಾದರೆ 10 ಹಾಕಿಸಿ.

ಶೆಡ್ಡಿನಲ್ಲೇ ಒಂದು ಚಿಕ್ಕ ಡಿಬಿ (ಸ್ವಿಚ್ ಪೆಟ್ಟಿಗೆ) ಇರಲಿ: ವಿದ್ಯುತ್ ಸೋರಿದರೆ ಬಂದ್ ಮಾಡುವ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ, ವೆಲ್ಡಿಂಗ್‌ಗೆ 32, ಕಂಪ್ರೆಸರಿಗೆ 20 ಆಂಪಿಯರ್‌ನ ಸಿ ದರ್ಜೆಯ ಎಂಸಿಬಿ (ಲೋಡ್ ಮೀರಿದರೆ ಬೀಳುವ ಸ್ವಿಚ್). ಲೈಟಿಗೆ ಬೇರೆಯೇ ಆರ್‌ಸಿಸಿಬಿ ಕೊಡಿ, ಕೈಯಲ್ಲಿ ಗ್ರೈಂಡರ್ ತಿರುಗುತ್ತಿರುವಾಗ ಕತ್ತಲಾಗಬಾರದು. ಸಾಕೆಟ್‌ಗಳು ನೆಲದಿಂದ ಒಂದೂವರೆ ಅಡಿಗಿಂತ ಮೇಲಿರಲಿ, ಪೆಟ್ರೋಲಿನ ಆವಿ ತಳದಲ್ಲೇ ಹರಿದಾಡುತ್ತದೆ. ಎರಿ ನೆಲವಾದರೆ ಬೇಸಿಗೆಯಲ್ಲಿ ಮಣ್ಣು ಬಿರಿದು ಅರ್ಥಿಂಗ್ ಪೈಪನ್ನು ಬಿಟ್ಟು ನಿಲ್ಲುತ್ತದೆ, ಮಳೆಗಾಲದಲ್ಲಿ ಸರಿಯಿದ್ದ ಅರ್ಥ್ ಮೇ ತಿಂಗಳಲ್ಲಿ ಇರುವುದೇ ಇಲ್ಲ. ಮೂರು ಮೀಟರ್ ಆಳ ಇಳಿಸಿ, ಬೇಸಿಗೆಯಲ್ಲಿ ವಾರಕ್ಕೊಮ್ಮೆ ಎರಡು ಕೊಡ ನೀರು ಹಾಕಿ. ನೆಲದಡಿಯ ಕೇಬಲ್ಲನ್ನು ಬಿಗಿ ಎಳೆಯದೆ ಪೈಪಿನೊಳಗೆ ಸಡಿಲಾಗಿ ಬಿಡಿ. ವಿದ್ಯುತ್ ಕಂಪನಿ ಹೆಸ್ಕಾಂನಲ್ಲಿ ಮಂಜೂರಾದ ಲೋಡ್ ಹೆಚ್ಚಿಸಿಕೊಳ್ಳಿ. ಬೇರೆಯವರ ಗಾಡಿಯನ್ನು ಹಣ ಪಡೆದು ಮಾಡಲು ಶುರುಮಾಡಿದರೆ ಮನೆಯ ದರ ಅನ್ವಯಿಸುವುದಿಲ್ಲ.

ಪ್ರಶ್ನೆ: ಬೆಂಕಿಗೆ ಏನು ಇಟ್ಟುಕೊಳ್ಳಬೇಕು?

ಉತ್ತರ: 6 ಕೆಜಿಯ ಎಬಿಸಿ ಪುಡಿಯ ಸಿಲಿಂಡರ್ ಒಂದನ್ನು ಬಾಗಿಲ ಪಕ್ಕ ತೂಗುಹಾಕಿ, ಒಳಗಿನ ಮೂಲೆಯಲ್ಲಲ್ಲ. ಒಣ ಉಸುಕಿನ ಎರಡು ಬಕೆಟ್ ಇರಲಿ. ವೆಲ್ಡಿಂಗ್‌ಗೆ ಮುನ್ನ ಪೆಟ್ರೋಲ್ ಟ್ಯಾಂಕ್ ಬಿಚ್ಚಿ ಹೊರಗಿಡಿ. ಖಾಲಿ ಟ್ಯಾಂಕ್ ತುಂಬಿದ್ದಕ್ಕಿಂತ ಅಪಾಯಕಾರಿ, ಒಳಗೆಲ್ಲ ಆವಿಯೇ ಇರುತ್ತದೆ. ಅಗಸೆ ಎಣ್ಣೆ, ವಾರ್ನಿಶ್ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ತಾನಾಗಿಯೇ ಕಾದು ಹೊತ್ತಿಕೊಳ್ಳುತ್ತದೆ, ಹೊರಗೆ ಹರವಿ ಒಣಗಿಸಿ ಅಥವಾ ನೀರು ತುಂಬಿದ ಮುಚ್ಚಳದ ಡಬ್ಬಿಗೆ ಹಾಕಿ. ವೆಲ್ಡಿಂಗ್ ಮುಗಿದ ಮೇಲೆ ಅರ್ಧ ತಾಸು ಶೆಡ್ ಬಿಟ್ಟು ಹೋಗಬೇಡಿ, ಸೀಟಿನ ಸ್ಪಂಜಿನೊಳಗೆ ಬಿದ್ದ ಕಿಡಿ ಅಷ್ಟು ಹೊತ್ತು ಹೊಗೆಯೂ ಕಾಣದಂತೆ ಕುಳಿತಿರಬಲ್ಲದು.